ಗವರ್ನರ್ ಅಧಿಕೃತ ಭೇಟಿ: ಹಾರ ತುರಾಯಿಗಳ ಆಚೆಗೆ

ಜುಲೈ ತಿಂಗಳು ಕಾಲಿಟ್ಟಿತೆಂದರೆ ರಾಜ್ಯದ ಪತ್ರಿಕೆಗಳ ಸ್ಥಳೀಯ ಪುಟಗಳಲ್ಲಿ ಒಂದು ಬಗೆಯ ಸುದ್ದಿ ಮೇಲಿಂದ ಮೇಲೆ ಕಾಣಿಸತೊಡಗುತ್ತದೆ. ಇಂಥ ಊರಿನ ರೋಟರಿ ಕ್ಲಬ್ಬಿಗೆ ಜಿಲ್ಲಾ ಗವರ್ನರ್ ಅಧಿಕೃತ ಭೇಟಿ ನೀಡಿದರು, ಸರಕಾರಿ ಶಾಲೆಗೆ ಪೀಠೋಪಕರಣ ಹಸ್ತಾಂತರಿಸಿದರು, ಗೃಹಪತ್ರಿಕೆ ಬಿಡುಗಡೆಗೊಳಿಸಿದರು, ನೂತನ ಸದಸ್ಯರನ್ನು ಬರಮಾಡಿಕೊಂಡರು, ಸಹಾಯಕ ಗವರ್ನರ್ ಉಪಸ್ಥಿತರಿದ್ದರು, ಕಾರ್ಯದರ್ಶಿ ವಂದಿಸಿದರು. ಜತೆಗೆ ಸಾಲಾಗಿ ನಿಂತವರ ಒಂದು ಛಾಯಾಚಿತ್ರ. ಸೇವಾ ಸಂಸ್ಥೆಗಳ ಒಳಗಿನವರಲ್ಲದ ಓದುಗರಿಗೆ ಇಂತಹ ವರದಿಯಿಂದ ತಿಳಿಯುವುದು ಅಲ್ಪ. ಈ ಗವರ್ನರ್ ಯಾರು, ಯಾವ ಜಿಲ್ಲೆಯವರು, ಭೇಟಿಗೆ 'ಅಧಿಕೃತ' ಎಂಬ ವಿಶೇಷಣ ಏಕೆ ಎಂಬ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿರುವುದಿಲ್ಲ. ಭೇಟಿಯ ನಿಜವಾದ ಕೆಲಸ ನಡೆಯುವುದು ವರದಿಗಾರರಿಗೆ ಪ್ರವೇಶವಿಲ್ಲದ ಒಂದು ಗಂಟೆಯಲ್ಲಿ ಎಂಬುದು ಇದಕ್ಕೆ ಒಂದು ಕಾರಣ.

ರಾಜ್ಯಪಾಲರಲ್ಲದ ಗವರ್ನರ್

ಮೊದಲಿಗೆ ಹೆಸರಿನ ಗೊಂದಲ. ಇಲ್ಲಿನ ಗವರ್ನರ್‌ಗೂ ರಾಜಭವನಕ್ಕೂ ಸಂಬಂಧವಿಲ್ಲ. ರೋಟರಿಯ 'ಜಿಲ್ಲೆ'ಯೂ ಕಂದಾಯ ಜಿಲ್ಲೆಯಲ್ಲ. ಅದು ಹಲವು ಕಂದಾಯ ಜಿಲ್ಲೆಗಳನ್ನು, ಕೆಲವೊಮ್ಮೆ ಎರಡು ಮೂರು ರಾಜ್ಯಗಳನ್ನು ಒಳಗೊಂಡ, ಸಂಖ್ಯೆಯಿಂದ ಗುರುತಿಸಲ್ಪಡುವ ಆಡಳಿತ ಘಟಕ. ಬೆಳಗಾವಿ, ಧಾರವಾಡ, ಉತ್ತರ ಕನ್ನಡದ ಕ್ಲಬ್ಬುಗಳು ಗೋವಾ ಹಾಗೂ ಕೊಲ್ಹಾಪುರದ ಕ್ಲಬ್ಬುಗಳೊಡನೆ 3170ನೇ ಜಿಲ್ಲೆಯಲ್ಲಿವೆ. ಬಳ್ಳಾರಿ, ರಾಯಚೂರು ಭಾಗದವು ಆಂಧ್ರದ ಅನಂತಪುರದೊಡನೆ 3160ರಲ್ಲಿವೆ. ಮೈಸೂರು, ಕೊಡಗು, ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗಗಳನ್ನೆಲ್ಲ ಒಳಗೊಂಡಿದ್ದ ಹಳೆಯ 3180 ಈಗ 3181 ಮತ್ತು 3182 ಎಂದು ಎರಡಾಗಿದೆ. ಬೆಂಗಳೂರನ್ನು ಒಳಗೊಂಡಿದ್ದ 3190 ಕೂಡ 3191 ಮತ್ತು 3192 ಎಂದು ವಿಭಜನೆಗೊಂಡಿದೆ.

1905ರ ಫೆಬ್ರವರಿ 23ರಂದು ಶಿಕಾಗೊ ನಗರದಲ್ಲಿ ವಕೀಲ ಪಾಲ್ ಹ್ಯಾರಿಸ್ ಮತ್ತು ಮೂವರು ಗೆಳೆಯರು ಸೇರಿದ ಸಭೆಯಿಂದ ರೋಟರಿ ಹುಟ್ಟಿತು. ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಸಭೆ ಸೇರುತ್ತಿದ್ದುದರಿಂದ ಆ ಹೆಸರು ಬಂತು. ಕ್ಲಬ್ಬುಗಳು ಹೆಚ್ಚಿದಂತೆ ಕೇಂದ್ರ ಕಚೇರಿಯಿಂದ ಎಲ್ಲವನ್ನೂ ನೋಡಿಕೊಳ್ಳುವುದು ಕಷ್ಟವಾಗಿ, 1915ರಲ್ಲಿ ಜಿಲ್ಲೆ ಮತ್ತು ಗವರ್ನರ್‌ಗಳ ವ್ಯವಸ್ಥೆ ಜಾರಿಗೆ ಬಂತು. ಭಾರತದ ಮೊದಲ ಕ್ಲಬ್ ಕಲ್ಕತ್ತೆಯದು. ಅದಕ್ಕೆ 1920ರ ಜನವರಿಯಲ್ಲಿ ಮಾನ್ಯತೆ ದೊರೆಯಿತು. ಬೆಂಗಳೂರು ರೋಟರಿ ಕ್ಲಬ್ 1934ರಲ್ಲಿ ಸ್ಥಾಪನೆಯಾಯಿತು.

ಗವರ್ನರ್ ಹುದ್ದೆಗೆ ಸಂಬಳವಿಲ್ಲ. ಅವಧಿ ಜುಲೈ 1ರಿಂದ ಮರುವರ್ಷದ ಜೂನ್ 30ರವರೆಗೆ, ಒಂದೇ ವರ್ಷ. ಕ್ಲಬ್ಬಿನ ಅಧ್ಯಕ್ಷರಾಗಿ ಅವಧಿ ಪೂರೈಸಿದವರನ್ನು ಜಿಲ್ಲೆಯ ಕ್ಲಬ್ಬುಗಳೇ ಎರಡು ವರ್ಷಕ್ಕೂ ಮೊದಲು ಆರಿಸಿರುತ್ತವೆ. ನಡುವಿನ ಕಾಲದಲ್ಲಿ ತರಬೇತಿ, ತಂಡ ರಚನೆ, ಅಧಿಕಾರ ವಹಿಸುವ ವರ್ಷದ ಜನವರಿ ಸುಮಾರಿಗೆ ಅಂತಾರಾಷ್ಟ್ರೀಯ ಅಸೆಂಬ್ಲಿ. ಹಲವು ವರ್ಷ ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ನಡೆಯುತ್ತಿದ್ದ ಈ ಅಸೆಂಬ್ಲಿ ಬಳಿಕ ಒರ್ಲಾಂಡೊಗೆ ಸ್ಥಳಾಂತರಗೊಂಡಿತು. ಅಲ್ಲಿಂದ ಮರಳಿದವರು ಅಧಿಕಾರ ವಹಿಸಿಕೊಂಡೊಡನೆ ಸಂಚಾರಕ್ಕೆ ಹೊರಡುತ್ತಾರೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಅದು ಜಡಿಮಳೆಯ ಕಾಲ. ಜಿಲ್ಲೆಯಲ್ಲಿ ಎಪ್ಪತ್ತೈದು ಕ್ಲಬ್ಬುಗಳಿದ್ದರೆ, ವಾರಕ್ಕೆ ಮೂರರಂತೆ ಹೋದರೂ ಸುತ್ತು ಮುಗಿಯಲು ಇಪ್ಪತ್ತೈದು ವಾರ, ಅಂದರೆ ಡಿಸೆಂಬರ್ ಕೊನೆ. ಹಬ್ಬ, ಮದುವೆ, ಸ್ವಂತ ಉದ್ಯೋಗಗಳನ್ನು ಇದರ ನಡುವೆಯೇ ಹೊಂದಿಸಿಕೊಳ್ಳಬೇಕು.

ಮುಚ್ಚಿದ ಬಾಗಿಲಿನ ಸಭೆ

ಭೇಟಿಯ ದಿನ ಸಾಮಾನ್ಯವಾಗಿ ಮೂರು ಭಾಗಗಳಲ್ಲಿ ಕಳೆಯುತ್ತದೆ. ಹಗಲಿನಲ್ಲಿ ಕ್ಲಬ್ಬಿನ ಕಾಮಗಾರಿಗಳ ವೀಕ್ಷಣೆ. ಅಂಗನವಾಡಿಗೆ ಕಟ್ಟಿಸಿಕೊಟ್ಟ ಕೊಠಡಿ, ಬಸ್ ತಂಗುದಾಣ, ಶಾಲಾ ಶೌಚಾಲಯ, ಹೊಲಿಗೆ ತರಬೇತಿ ಕೇಂದ್ರ ಹೀಗೆ ತೋರಿಸಬಹುದಾದುದನ್ನೆಲ್ಲ ತೋರಿಸಲಾಗುತ್ತದೆ. ರಾತ್ರಿ ಕುಟುಂಬ ಸಮೇತರಾದ ಸದಸ್ಯರ ಸಭೆ, ಭಾಷಣ, ಸಹಭೋಜನ. ಇವೆರಡರ ನಡುವೆ, ಸಂಜೆಯ ಹೊತ್ತಿಗೆ ಅಧ್ಯಕ್ಷರು, ಕಾರ್ಯದರ್ಶಿ, ಖಜಾಂಚಿ ಮತ್ತು ನಿರ್ದೇಶಕರು ಗವರ್ನರ್ ಎದುರು ಕುಳಿತುಕೊಳ್ಳುತ್ತಾರೆ. ಇದನ್ನು ಕ್ಲಬ್ ಅಸೆಂಬ್ಲಿ ಎನ್ನುತ್ತಾರೆ.

ಪರೀಕ್ಷೆ ನಡೆಯುವುದು ಇಲ್ಲಿ. ಸದಸ್ಯರ ಸಂಖ್ಯೆ ಕಳೆದ ವರ್ಷಕ್ಕಿಂತ ಏರಿತೇ, ಇಳಿಯಿತೇ? ಬಿಟ್ಟುಹೋದವರು ಏಕೆ ಬಿಟ್ಟರು? ವರ್ಷಕ್ಕೆ ಎರಡು ಬಾರಿ, ಜುಲೈ ಮತ್ತು ಜನವರಿಯಲ್ಲಿ, ಅಂತಾರಾಷ್ಟ್ರೀಯ ಸಂಸ್ಥೆಗೆ ಸಲ್ಲಬೇಕಾದ ತಲಾ ಶುಲ್ಕ ಸಂದಾಯವಾಗಿದೆಯೇ? ನಡಾವಳಿ ಪುಸ್ತಕ ಬರೆದಿಟ್ಟಿದ್ದಾರೆಯೇ? ಅನುದಾನದ ಹಣ ಯಾವ ಖಾತೆಯಲ್ಲಿದೆ? ರೋಟರಿ ಪ್ರತಿಷ್ಠಾನದ ಜಾಗತಿಕ ಅನುದಾನ ಪಡೆಯುವ ಯೋಜನೆಯ ಕನಿಷ್ಠ ಗಾತ್ರವೇ 30,000 ಡಾಲರ್ ಆಗಿರುವುದರಿಂದ ಕೊನೆಯ ಪ್ರಶ್ನೆ ಔಪಚಾರಿಕವಲ್ಲ. ಲೆಕ್ಕಪತ್ರ ಸರಿಯಿಲ್ಲದ ಒಂದು ಕ್ಲಬ್ಬಿನಿಂದ ಇಡೀ ಜಿಲ್ಲೆಯ ಅನುದಾನಕ್ಕೆ ತೊಡಕುಂಟಾಗಬಹುದು.

ಗವರ್ನರ್ ಭೇಟಿಯ ಉದ್ದೇಶಗಳನ್ನು ಸಂಸ್ಥೆಯ ನೀತಿಸಂಹಿತೆಯೇ ಹೇಳುತ್ತದೆ. ದುರ್ಬಲ ಕ್ಲಬ್ಬುಗಳ ಕಡೆಗೆ ವಿಶೇಷ ಗಮನ, ಸದಸ್ಯರನ್ನು ಸೇವೆಗೆ ಹುರಿದುಂಬಿಸುವುದು, ಉತ್ತಮ ಕೆಲಸ ಮಾಡಿದವರನ್ನು ಖುದ್ದಾಗಿ ಗುರುತಿಸುವುದು, ನಿಯಮಾವಳಿ ಪಾಲನೆಯಾಗುತ್ತಿದೆಯೇ ಎಂದು ನೋಡುವುದು ಅದರಲ್ಲಿ ಸೇರಿವೆ. ಗಮನಾರ್ಹ ಸಂಗತಿಯೆಂದರೆ, ಪಟ್ಟಿಯಲ್ಲಿ ಆಜ್ಞೆ ಮಾಡುವ ಅಧಿಕಾರವಿಲ್ಲ. ಪ್ರತಿ ಕ್ಲಬ್ ಸ್ವಾಯತ್ತ. ಯಾವ ಕೆಲಸ ಕೈಗೊಳ್ಳಬೇಕು, ಯಾರನ್ನು ಅಧ್ಯಕ್ಷರನ್ನಾಗಿ ಆರಿಸಬೇಕು ಎಂಬುದನ್ನು ಅದೇ ನಿರ್ಧರಿಸುತ್ತದೆ. ಹೊರಗಿನಿಂದ ಬಂದವರ ಕೈಯಲ್ಲಿರುವ ಸಾಧನ ಪ್ರಶ್ನೆ ಮಾತ್ರ. ಆದರೆ ತಮ್ಮೂರಿನವರೇ ಪರಸ್ಪರ ಕೇಳಲು ಸಂಕೋಚಪಡುವುದನ್ನು ಹೊರಗಿನವರು ಕೇಳಬಲ್ಲರು. ಸಣ್ಣ ಪಟ್ಟಣವೊಂದರ ಕ್ಲಬ್ಬಿನಲ್ಲಿ ಖಜಾಂಚಿಯೂ ಅಧ್ಯಕ್ಷರೂ ನೆಂಟರೋ ವ್ಯಾಪಾರದ ಪಾಲುದಾರರೋ ಆಗಿರುವಾಗ ಈ ಸೌಲಭ್ಯ ಕಡಿಮೆಯದಲ್ಲ.

ಪ್ರಶ್ನೆ ಹಿಂದಿನ ವರ್ಷಗಳ ಕಡೆಗೆ ತಿರುಗಿದಾಗ ಸಭೆಗೆ ತೂಕ ಬರುತ್ತದೆ. ಪದಾಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗುವುದು ಸೇವಾ ಸಂಸ್ಥೆಗಳ ಬಲವೂ ಹೌದು, ದೌರ್ಬಲ್ಯವೂ ಹೌದು. ಹೊಸ ಅಧ್ಯಕ್ಷರಿಗೆ ತಮ್ಮ ಅವಧಿಯದೇ ಆದ ಯೋಜನೆ ಬೇಕು. ಪೂರ್ವಾಧ್ಯಕ್ಷರ ಯೋಜನೆಗೆ ದಿಕ್ಕಿಲ್ಲದಂತಾಗುತ್ತದೆ. ಶಾಲೆಗೆ ಕೊಟ್ಟ ನೀರು ಶುದ್ಧೀಕರಣ ಘಟಕದ ಫಿಲ್ಟರನ್ನು ಮೂರನೆಯ ವರ್ಷ ಬದಲಿಸುವವರು ಯಾರು? ಘಟಕದ ಮೇಲಿನ ನಾಮಫಲಕ ಹೊಳೆಯುತ್ತಿದ್ದು ನಲ್ಲಿ ಒಣಗಿದ್ದರೆ ನಷ್ಟ ಅನುಭವಿಸುವವರು ಮಕ್ಕಳು. ಹಗಲಿನ ವೀಕ್ಷಣೆಯಲ್ಲಿ ಈ ವರ್ಷದ ಕಾಮಗಾರಿಗಳನ್ನು ಮಾತ್ರ ತೋರಿಸಿ, ಗವರ್ನರ್ ಅಷ್ಟನ್ನೇ ನೋಡಿ ಹಿಂದಿರುಗಿದರೆ ಭೇಟಿಯ ಅರ್ಧ ಪ್ರಯೋಜನ ಅಲ್ಲಿಗೇ ಕೈತಪ್ಪಿದಂತೆ.

ಸಂದೇಶ ಸಾಗುವ ದಾರಿ

ರಾತ್ರಿಯ ಸಭೆಯೂ ಬರಿಯ ಆಡಂಬರವೆಂದು ತಳ್ಳಿಹಾಕುವಂಥದ್ದಲ್ಲ. ಅಂತಾರಾಷ್ಟ್ರೀಯ ಸಂಸ್ಥೆಯ ನಿರ್ಧಾರ ತಾಲೂಕು ಕೇಂದ್ರದ ಸದಸ್ಯರಿಗೆ ಮುಖತಃ ತಲುಪುವುದು ಅಲ್ಲಿ. ಪೋಲಿಯೊ ನಿರ್ಮೂಲನ ಇದಕ್ಕೆ ದೊಡ್ಡ ಉದಾಹರಣೆ. ರೋಟರಿ 1985ರಲ್ಲಿ ಪೋಲಿಯೊಪ್ಲಸ್ ಕಾರ್ಯಕ್ರಮ ಘೋಷಿಸಿತು. 1988ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮೊದಲಾದವುಗಳೊಡನೆ ಜಾಗತಿಕ ಅಭಿಯಾನದ ಪಾಲುದಾರನಾಯಿತು. ಭಾರತದಲ್ಲಿ ಪಲ್ಸ್ ಪೋಲಿಯೊ 1995ರಲ್ಲಿ ಆರಂಭವಾದ ಬಳಿಕ ಲಸಿಕೆ ಕೇಂದ್ರಗಳಿಗೆ ಸ್ವಯಂಸೇವಕರನ್ನು ಒದಗಿಸುವ, ಹಣ ಸಂಗ್ರಹಿಸುವ ವಿಷಯ ವರ್ಷ ವರ್ಷವೂ ಗವರ್ನರ್‌ಗಳ ಭಾಷಣದಲ್ಲಿರುತ್ತಿತ್ತು. ಕೇಳಿ ಕೇಳಿ ಬೇಸರಗೊಂಡ ಸದಸ್ಯರೂ ಇದ್ದಿರಬಹುದು. ದೇಶದ ಕೊನೆಯ ವನ್ಯ ಪೋಲಿಯೊ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಾಣಿಸಿಕೊಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಪಡೆಯಿತು.

ಅದೇ ಸಭೆಯಲ್ಲಿ ಪ್ರತಿಷ್ಠಾನಕ್ಕೆ ಸಾವಿರ ಡಾಲರ್ ದೇಣಿಗೆ ನೀಡಿದವರಿಗೆ ಪಾಲ್ ಹ್ಯಾರಿಸ್ ಫೆಲೊ ಗೌರವದ ಪಿನ್ ತೊಡಿಸುತ್ತಾರೆ. ಹೊಸ ಸದಸ್ಯರಿಗೆ ಪ್ರತಿಜ್ಞೆ ಬೋಧಿಸುತ್ತಾರೆ. ಸನ್ಮಾನಗಳ ಪಟ್ಟಿ ಮಾತ್ರ ಎಲ್ಲೆಡೆ ಉದ್ದವಾಗುತ್ತಲೇ ಇದೆ. ವೇದಿಕೆಯಲ್ಲಿ ಕುಳಿತವರಿಗೆಲ್ಲ ಶಾಲು, ಹಣ್ಣಿನ ಬುಟ್ಟಿ, ಸ್ಮರಣಿಕೆ ಮುಗಿಯುವಷ್ಟರಲ್ಲಿ ಗವರ್ನರ್ ಭಾಷಣಕ್ಕೆ ಉಳಿಯುವುದು ಹತ್ತು ನಿಮಿಷ. ಆ ವೇಳೆಗೆ ಸಭಿಕರ ಗಮನ ಊಟದ ಕಡೆಗೆ ಹೊರಳಿರುತ್ತದೆ. ಇದು ರೋಟರಿಯೊಂದರ ಸಮಸ್ಯೆಯಲ್ಲ. ಕನ್ನಡ ನಾಡಿನ ಸಭೆಗಳ ಸಾಮಾನ್ಯ ಗುಣ.

ಲಯನ್ಸ್, ಜೇಸಿಗಳಲ್ಲಿ

ಮೆಲ್ವಿನ್ ಜೋನ್ಸ್ 1917ರಲ್ಲಿ ಸಂಘಟಿಸಿದ ಲಯನ್ಸ್ ಸಂಸ್ಥೆಯಲ್ಲೂ ಜಿಲ್ಲಾ ಗವರ್ನರ್ ಇದ್ದಾರೆ. ಜುಲೈ–ಜೂನ್ ವರ್ಷವೇ ಅಲ್ಲಿಯೂ. ಭೇಟಿಯ ಹೊಣೆಯನ್ನು ಉಪ ಗವರ್ನರ್‌ಗಳೂ ಹಂಚಿಕೊಳ್ಳುತ್ತಾರೆ. ಗವರ್ನರ್ ಬರುವ ಮೊದಲೇ ವಲಯಾಧ್ಯಕ್ಷರು, ಪ್ರಾಂತ್ಯಾಧ್ಯಕ್ಷರು ಒಂದು ಸುತ್ತು ಬಂದು ಹೋಗುವುದುಂಟು. 1925ರಲ್ಲಿ ಹೆಲೆನ್ ಕೆಲರ್ ಮಾಡಿದ ಮನವಿಯ ಬಳಿಕ ದೃಷ್ಟಿರಕ್ಷಣೆ ಲಯನ್ಸ್‌ನ ಮುಖ್ಯ ಕ್ಷೇತ್ರವಾದುದರಿಂದ ಗವರ್ನರ್ ಭೇಟಿಯ ದಿನ ಕಣ್ಣಿನ ತಪಾಸಣಾ ಶಿಬಿರ ಏರ್ಪಡಿಸುವ ಕ್ಲಬ್ಬುಗಳಿವೆ. ಜೇಸಿಗಳದು ಬೇರೆ ರೀತಿ. ಅವರ ವರ್ಷ ಜನವರಿಯಿಂದ ಡಿಸೆಂಬರ್. ಸದಸ್ಯರು 18ರಿಂದ 40ರ ವಯಸ್ಸಿನವರು. ಭೇಟಿಗೆ ಬರುವವರು ವಲಯಾಧ್ಯಕ್ಷರು. ಸಭೆ ಜೇಸಿವಾಣಿ ವಾಚನದಿಂದ ಆರಂಭವಾಗುತ್ತದೆ.

ಬದಲಾದ ಕ್ರಮ

ಕಳೆದ ಕೆಲವು ದಶಕಗಳಲ್ಲಿ ಭೇಟಿಯ ಸ್ವರೂಪವೂ ಬದಲಾಗಿದೆ. ರೋಟರಿ ಮಹಿಳೆಯರಿಗೆ ಸದಸ್ಯತ್ವ ತೆರೆದದ್ದು 1989ರಲ್ಲಿ. ಅದಕ್ಕೆ ಮೊದಲು ಭೇಟಿಯಲ್ಲಿ ಮಹಿಳೆಯರು ಪಾಲ್ಗೊಳ್ಳುತ್ತಿದ್ದುದು ಸದಸ್ಯರ ಪತ್ನಿಯರಾಗಿ, ಇಲ್ಲವೇ ಇನ್ನರ್ ವ್ಹೀಲ್ ಸದಸ್ಯೆಯರಾಗಿ. ಬಳಿಕ ಮಹಿಳೆಯರೇ ಗವರ್ನರ್‌ಗಳಾದರು. 2022–23ರಲ್ಲಿ ಕೆನಡಾದ ಜೆನಿಫರ್ ಜೋನ್ಸ್ ಅಂತಾರಾಷ್ಟ್ರೀಯ ಅಧ್ಯಕ್ಷ ಪದವಿಗೇರಿದ ಮೊದಲ ಮಹಿಳೆಯಾದರು. ಅವರ ಹಿಂದಿನ ವರ್ಷ ಆ ಪದವಿಯಲ್ಲಿದ್ದವರು ಕೋಲ್ಕತ್ತದ ಶೇಖರ್ ಮೆಹ್ತಾ. ಅದೇ ನಗರದ ನಿತೀಶ್ ಲಾಹರಿ 1962–63ರಲ್ಲಿ ಮೊದಲ ಭಾರತೀಯ ಅಧ್ಯಕ್ಷರಾಗಿದ್ದರು.

2020ರ ಜುಲೈಯಲ್ಲಿ ಅಧಿಕಾರ ವಹಿಸಿಕೊಂಡ ಗವರ್ನರ್‌ಗಳಿಗೆ ಕೊರೊನಾದಿಂದಾಗಿ ಸಂಚಾರವೇ ಕಷ್ಟವಾಗಿ, ಅನೇಕ ಭೇಟಿಗಳು ಜೂಮ್ ಪರದೆಯ ಮೇಲೆ ನಡೆದವು. ಅಲ್ಲಿ ಶಾಲು ಹೊದಿಸುವ ಅವಕಾಶವಿರಲಿಲ್ಲ. ನೀರಿನ ಘಟಕದ ನಲ್ಲಿ ತಿರುಗಿಸಿ ನೋಡುವ ಅವಕಾಶವೂ ಇರಲಿಲ್ಲ. ಹಲವು ಕ್ಲಬ್ಬುಗಳನ್ನು ಒಂದೆಡೆ ಸೇರಿಸಿ ಭೇಟಿ ಮುಗಿಸಲು ನಿಯಮದಲ್ಲಿ ಅವಕಾಶವಿದೆ. ನಗರಗಳಲ್ಲಿ ಇದು ಅನುಕೂಲಕರ, ಖರ್ಚೂ ಕಡಿಮೆ. ಆದರೆ ದುರ್ಬಲ ಕ್ಲಬ್ಬೊಂದರ ಪದಾಧಿಕಾರಿಗಳು ನೆರೆಯ ದೊಡ್ಡ ಕ್ಲಬ್ಬಿನವರ ಎದುರು ತಮ್ಮ ಹಾಜರಿ ಪುಸ್ತಕ ಬಿಚ್ಚಲು ಹಿಂಜರಿಯುತ್ತಾರೆ. ಒಳನಾಡಿನ ಇಪ್ಪತ್ತು ಸದಸ್ಯರ ಕ್ಲಬ್ಬಿಗೆ ಗವರ್ನರ್ ಪ್ರತ್ಯೇಕವಾಗಿಯೇ ಬರಬೇಕೆಂದು ಹಿರಿಯ ಸದಸ್ಯರು ಪಟ್ಟುಹಿಡಿಯುವುದು ಇದಕ್ಕಾಗಿ.