ಮಂಗಳೂರಿಗೆ ಬಂದ ವಿಡಿಯೋ ಆಟದ ಪ್ರತಿಗಳು: ಒಂದು ಆಕರವಿಮರ್ಶೆ

ಇತಿಹಾಸದ ಆಕರಗಳೆಂದರೆ ಶಾಸನ, ನಾಣ್ಯ, ಕಡತ, ತಾಳೆಯೋಲೆಗಳೇ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಇನ್ನೂ ಬಲವಾಗಿದೆ. ಕಾಲದಲ್ಲಿ ನಮಗೆ ತೀರ ಸಮೀಪವಾದ ವಸ್ತುಗಳು ಆಕರಗಳೆನಿಸಿಕೊಳ್ಳುವ ಮೊದಲೇ ನಾಶವಾಗುತ್ತಿರುವುದಕ್ಕೆ ಈ ಭಾವನೆಯೂ ಒಂದು ಕಾರಣವಾಗಿದೆ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣ ಕನ್ನಡದ ಮನೆಗಳಲ್ಲಿ ಟಿ.ವಿ. ಪೆಟ್ಟಿಗೆಗೆ ಜೋಡಿಸಿ ಮಕ್ಕಳು ಆಡುತ್ತಿದ್ದ ವಿಡಿಯೋ ಆಟಗಳು ಅಂತಹ ವಸ್ತುಗಳಲ್ಲಿ ಸೇರುತ್ತವೆ. ಅವುಗಳಲ್ಲಿಯೂ ಅತ್ಯಂತ ಹಳೆಯದಾದ ಒಂದು ವರ್ಗವಿದೆ. ಪರದೆಯ ದೃಶ್ಯವು ಸರಿಯದೆ ಒಂದೇ ಕಡೆ ನಿಂತಿರುತ್ತದೆ. ಕೆಳಗಿನ ಅಂಚಿನಲ್ಲಿ ಎಡಬಲಕ್ಕೆ ಚಲಿಸುವ ಒಂದು ನೌಕೆಯಿಂದ ಆಟಗಾರನು ಮೇಲಿನ ಶತ್ರುಪಂಕ್ತಿಗಳನ್ನು ಹೊಡೆದುರುಳಿಸಬೇಕಾಗುತ್ತದೆ. ಇವನ್ನು ಸ್ಥಿರಪರದೆಯ ಗುಂಡಿನಾಟಗಳೆಂದು ಕರೆಯೋಣ. ಇವು ನಮ್ಮ ಕರಾವಳಿಯನ್ನು ತಲುಪಿದುದು ಬಹುಮಟ್ಟಿಗೆ ಪ್ರತಿಗಳ ರೂಪದಲ್ಲಿ. ಆದುದರಿಂದ ಹಸ್ತಪ್ರತಿಗಳ ಪರಿಷ್ಕರಣದಲ್ಲಿ ನಮ್ಮ ವಿದ್ವಾಂಸರು ಅನುಸರಿಸುತ್ತ ಬಂದಿರುವ ಕ್ರಮವನ್ನು ಇವಕ್ಕೆ ಅನ್ವಯಿಸಿದರೆ ಯಾವ ಫಲ ದೊರೆಯುವುದೆಂಬುದನ್ನು ಪರೀಕ್ಷಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಮೂಲಪಾಠ

ಈ ವರ್ಗದ ಮೂಲಕೃತಿಯೆಂದು ಎಣಿಸಬೇಕಾದುದು ‘ಸ್ಪೇಸ್ ಇನ್ವೇಡರ್ಸ್’. ಇದನ್ನು ರಚಿಸಿದವರು ಜಪಾನಿನ ಟೈಟೋ ಸಂಸ್ಥೆಯಲ್ಲಿದ್ದ ತೊಮೊಹಿರೊ ನಿಶಿಕಾಡೊ ಎಂಬವರು. ೧೯೭೮ರಲ್ಲಿ ಇದು ನಾಣ್ಯ ಹಾಕಿ ಆಡುವ ಯಂತ್ರವಾಗಿ ಹೊರಬಂದಿತು. ಪಂಕ್ತಿಗೆ ೧೧ರಂತೆ ೫ ಪಂಕ್ತಿಗಳಲ್ಲಿ ೫೫ ಶತ್ರುಗಳು. ಆಟಗಾರನ ರಕ್ಷಣೆಗೆ ೪ ಮರೆಗಳು. ಯಂತ್ರದೊಳಗಿದ್ದ ಇಂಟೆಲ್ ೮೦೮೦ ಎಂಬ ಪ್ರೊಸೆಸರಿಗೆ ಈ ೫೫ ಆಕೃತಿಗಳನ್ನು ಏಕಕಾಲದಲ್ಲಿ ಸರಿಸುವ ಸಾಮರ್ಥ್ಯವಿರಲಿಲ್ಲ. ಅದು ಒಂದು ಸಲಕ್ಕೆ ಒಂದು ಆಕೃತಿಯನ್ನು ಮಾತ್ರ ಸರಿಸುತ್ತ ಸರದಿ ಮುಗಿಸುತ್ತಿತ್ತು. ಶತ್ರುಗಳು ಹತರಾದಂತೆಲ್ಲ ಸರದಿ ಚಿಕ್ಕದಾಗಿ, ಉಳಿದವರ ನಡಿಗೆ ತಾನಾಗಿಯೇ ಚುರುಕಾಗುತ್ತಿತ್ತು. ಕೊನೆಗೆ ಉಳಿದ ಒಬ್ಬನು ಎಲ್ಲರಿಗಿಂತ ವೇಗಶಾಲಿ. ಯಂತ್ರದ ದೌರ್ಬಲ್ಯದಿಂದ ಹುಟ್ಟಿದ ಈ ಗುಣವನ್ನು ನಿಶಿಕಾಡೊ ಅವರು ತಿದ್ದದೆ ಉಳಿಸಿಕೊಂಡರು. ಆಟದ ಉತ್ಕಂಠೆಗೆ ಅದೇ ಮುಖ್ಯ ಆಧಾರವಾಯಿತು.

ಮರುವರ್ಷ, ಎಂದರೆ ೧೯೭೯ರಲ್ಲಿ, ನಾಮ್ಕೋ ಸಂಸ್ಥೆಯ ‘ಗ್ಯಾಲಾಕ್ಸಿಯನ್’ ಬಂದಿತು. ಇದರಲ್ಲಿ ೪೬ ಶತ್ರುಗಳು ವ್ಯೂಹದಲ್ಲಿದ್ದು, ಆಗಾಗ ಕೆಲವರು ವ್ಯೂಹವನ್ನು ಬಿಟ್ಟು ಆಟಗಾರನ ಮೇಲೆ ಎರಗುತ್ತಿದ್ದರು. ೧೯೮೧ರ ‘ಗ್ಯಾಲಗಾ’ ಇದರ ಮುಂದುವರಿಕೆ. ಈ ಮೂರು ಕೃತಿಗಳ ಲಕ್ಷಣಗಳನ್ನು ನೆನಪಿನಲ್ಲಿಟ್ಟುಕೊಂಡರೆ, ಮುಂದೆ ಬಂದ ಪ್ರತಿಗಳಲ್ಲಿ ಯಾವುದು ಮೂಲಕ್ಕೆ ಸಮೀಪವಾದುದು, ಯಾವುದು ದೂರವಾದುದು ಎಂಬುದನ್ನು ಗುರುತಿಸಲು ಸಾಧ್ಯವಾಗುತ್ತದೆ.

೨. ಪಾಠಾಂತರಗಳು ಮತ್ತು ಅವುಗಳ ಕಾರಣ

ನಾಣ್ಯಯಂತ್ರದ ಆಟವನ್ನು ಮನೆಯ ಯಂತ್ರಕ್ಕೆ ಇಳಿಸುವಾಗ ಪಾಠವು ವ್ಯತ್ಯಾಸಗೊಳ್ಳುವುದು ಅನಿವಾರ್ಯವಾಗಿತ್ತು. ಇದಕ್ಕೆ ಉತ್ತಮ ನಿದರ್ಶನ ಅಮೆರಿಕದ ಅಟಾರಿ ಸಂಸ್ಥೆಯದು. ೧೯೭೭ರಲ್ಲಿ ಮಾರಾಟಕ್ಕೆ ಬಂದ ಅದರ ಮನೆಯಂತ್ರದಲ್ಲಿ ತಾತ್ಕಾಲಿಕ ಸ್ಮರಣೆಗೆ ಇದ್ದ ಸ್ಥಳ ಕೇವಲ ೧೨೮ ಬೈಟ್. ಇಡೀ ಪರದೆಯ ಚಿತ್ರವನ್ನು ಅದರಲ್ಲಿ ಇರಿಸಿಕೊಳ್ಳುವುದು ಅಸಾಧ್ಯವಾದುದರಿಂದ, ಟಿ.ವಿ.ಯ ಕಿರಣವು ಸಾಗುತ್ತಿದ್ದಂತೆಯೇ ಗೆರೆಗೆರೆಯಾಗಿ ಚಿತ್ರವನ್ನು ಒದಗಿಸಬೇಕಾಗಿತ್ತು. ಈ ಯಂತ್ರಕ್ಕಾಗಿ ೧೯೮೦ರಲ್ಲಿ ಪ್ರಕಟವಾದ ‘ಸ್ಪೇಸ್ ಇನ್ವೇಡರ್ಸ್’ ಪಾಠದಲ್ಲಿ ೫೫ ಶತ್ರುಗಳ ಸ್ಥಾನದಲ್ಲಿ ೩೬ ಮಂದಿ ಮಾತ್ರ ಇದ್ದಾರೆ. ಪಂಕ್ತಿಗೆ ೬ರಂತೆ ೬ ಪಂಕ್ತಿಗಳು. ಈ ಸಂಖ್ಯೆ ಆಕಸ್ಮಿಕವಲ್ಲ. ಆಟಗಾರರ ಆಕೃತಿಗಳಿಗೆಂದು ಯಂತ್ರದಲ್ಲಿದ್ದುವು ಎರಡೇ ಚಿತ್ರಗಳು. ಪ್ರತಿಯೊಂದನ್ನೂ ಒಂದೇ ಸಾಲಿನಲ್ಲಿ ಮೂರು ಬಾರಿ ಬರೆಯುವ ಅನುಕೂಲವಿದ್ದುದರಿಂದ ಸಾಲಿಗೆ ಆರು ಸಿದ್ಧಿಸಿತು. ಓಲೆಯ ಅಗಲವು ಬರೆಹದ ಸಾಲನ್ನು ನಿಯಂತ್ರಿಸುವಂತೆ ಇಲ್ಲಿ ಯಂತ್ರವು ಸೈನ್ಯದ ಅಗಲವನ್ನು ನಿಯಂತ್ರಿಸಿದೆ.

ಬ್ರಿಟನ್ನಿನ ಸಿಂಕ್ಲೇರ್ ಸಂಸ್ಥೆಯ ಜೆಡ್‌ಎಕ್ಸ್ ಸ್ಪೆಕ್ಟ್ರಂ ೧೯೮೨ರಲ್ಲಿ ಬಂದಿತು. ಚಲಿಸುವ ಆಕೃತಿಗಳಿಗಾಗಿ ಪ್ರತ್ಯೇಕ ಏರ್ಪಾಟು ಇದರಲ್ಲಿರಲಿಲ್ಲ. ಅದರ ಹೊರೆಯೆಲ್ಲ ಪ್ರೊಸೆಸರಿನ ಮೇಲೆಯೇ ಬೀಳುತ್ತಿತ್ತು. ಎಂಟು ಚುಕ್ಕೆ ಉದ್ದ, ಎಂಟು ಚುಕ್ಕೆ ಅಗಲದ ಒಂದೊಂದು ಚೌಕದಲ್ಲಿ ಎರಡೇ ಬಣ್ಣಗಳಿಗೆ ಅವಕಾಶವಿದ್ದುದರಿಂದ, ಒಂದು ಆಕೃತಿ ಇನ್ನೊಂದನ್ನು ದಾಟುವಾಗ ಬಣ್ಣಗಳು ಕಲಸಿಹೋಗುತ್ತಿದ್ದುವು. ಆಟಗಳನ್ನು ಸಾಮಾನ್ಯ ಧ್ವನಿಸುರುಳಿಯಿಂದ, ಟೇಪ್ ರೆಕಾರ್ಡರಿನ ಮೂಲಕ, ಕೆಲವು ನಿಮಿಷಗಳ ಕಾಲ ಕಾದು ಯಂತ್ರಕ್ಕೆ ತುಂಬಿಸಬೇಕಾಗಿತ್ತು. ಟೇಪ್ ರೆಕಾರ್ಡರ್ ಇದ್ದ ಮನೆಯಲ್ಲಿ ಪ್ರತಿಮಾಡುವುದೂ ಸುಲಭವಾಗಿತ್ತು. ಈ ಯಂತ್ರದ ‘ಪ್ಲಸ್’ ಮಾದರಿಯನ್ನು ೧೯೮೬ರಿಂದ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯು ಭಾರತದಲ್ಲಿ ಪರವಾನಿಗೆ ಪಡೆದು ಮಾರಿತು.

ನಮ್ಮ ವಿಷಯಕ್ಕೆ ಇವೆಲ್ಲಕ್ಕಿಂತ ಮುಖ್ಯವಾದುದು ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೩ರಲ್ಲಿ ಹೊರತಂದ ಫ್ಯಾಮಿಕಾಂ. ‘ಗ್ಯಾಲಾಕ್ಸಿಯನ್’ ಇದಕ್ಕೆ ೧೯೮೪ರಲ್ಲಿಯೂ ‘ಸ್ಪೇಸ್ ಇನ್ವೇಡರ್ಸ್’ ೧೯೮೫ರಲ್ಲಿಯೂ ಅಳವಟ್ಟವು. ಈ ಯಂತ್ರವು ಪರದೆಯ ಒಂದು ಗೆರೆಯಲ್ಲಿ ಎಂಟು ಚಲಿಸುವ ತುಣುಕುಗಳನ್ನು ಮಾತ್ರ ತೋರಿಸಬಲ್ಲುದು. ಹತ್ತು ಶತ್ರುಗಳ ಸಾಲು ಆ ಮಿತಿಯಲ್ಲಿ ಹಿಡಿಯುವುದಿಲ್ಲ. ಆದಕಾರಣ ವ್ಯೂಹದಲ್ಲಿ ನಿಂತವರನ್ನು ಹಿನ್ನೆಲೆಯ ಚಿತ್ರವಾಗಿ ಬರೆದು, ವ್ಯೂಹವನ್ನು ಬಿಟ್ಟು ಎರಗುವವರನ್ನು ಮಾತ್ರ ಚಲಿಸುವ ಆಕೃತಿಗಳಾಗಿ ಮಾಡುವುದು ಉಪಾಯವಾಯಿತು. ಜಪಾನಿನ ಫ್ಯಾಮಿಕಾಮಿನಲ್ಲಿ, ನಿಂಟೆಂಡೊ ಹೊರದೇಶಗಳಿಗಾಗಿ ಮಾಡಿದ ಮಾದರಿಯಲ್ಲಿದ್ದಂತಹ ಕಾವಲಿನ ಚಿಪ್ ಇರಲಿಲ್ಲ. ಅದರ ೬೦ ಸಂಪರ್ಕಗಳ ಪೆಟ್ಟಿಗೆಯನ್ನು ಯಾರು ಬೇಕಾದರೂ ತಯಾರಿಸಬಹುದಾಗಿತ್ತು. ಪೂರ್ವ ಏಷ್ಯದಲ್ಲಿ ಪ್ರತಿಗಳ ಮಹಾಪೂರವೇ ಹರಿದುದು ಈ ಬಾಗಿಲಿನಿಂದ.

೩. ಕರಾವಳಿಗೆ ಬಂದ ದಾರಿ

ಭಾರತದಲ್ಲಿ ವರ್ಣಪ್ರಸಾರ ಆರಂಭವಾದುದು ೧೯೮೨ರಲ್ಲಿ. ೧೯೮೪ರಲ್ಲಿ ದೇಶದಾದ್ಯಂತ ಅಲ್ಪಶಕ್ತಿಯ ಪ್ರಸಾರಕೇಂದ್ರಗಳು ತಲೆಯೆತ್ತಿದುವು. ಅದೇ ವರ್ಷದ ನವೆಂಬರ್ ತಿಂಗಳಿನಲ್ಲಿ ಪ್ರಕಟವಾದ ಗಣಕನೀತಿ ಆಮದಿನ ನಿರ್ಬಂಧಗಳನ್ನು ಸ್ವಲ್ಪ ಸಡಿಲಿಸಿತಾದರೂ, ವಿದೇಶೀ ಎಲೆಕ್ಟ್ರಾನಿಕ್ ವಸ್ತುಗಳು ಸಾಮಾನ್ಯ ಗೃಹಸ್ಥನಿಗೆ ಎಟುಕುವಂತಿರಲಿಲ್ಲ. ಆದರೆ ೧೯೭೩ರ ತೈಲಬೆಲೆಯ ಏರಿಕೆಯ ಅನಂತರ ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡು ಭಾಗಗಳಿಂದ ಕೊಲ್ಲಿಯ ದೇಶಗಳಿಗೆ ದುಡಿಯಲು ಹೋದವರ ಮನೆಗಳಿಗೆ ಬೇರೊಂದು ದಾರಿ ತೆರೆದಿತ್ತು. ರಜೆಗೆ ಬರುವವರ ಪೆಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್, ಗಡಿಯಾರ, ಅತ್ತರುಗಳ ಜೊತೆಗೆ ಟಿ.ವಿ. ಆಟದ ಯಂತ್ರವೂ ಬರತೊಡಗಿತು.

ಇಲ್ಲಿ ಒಂದು ತಾಂತ್ರಿಕ ವಿಷಯವನ್ನು ಗಮನಿಸಬೇಕು. ಜಪಾನ್ ಮತ್ತು ಅಮೆರಿಕಗಳ ಟಿ.ವಿ. ಪದ್ಧತಿ ಎನ್‌ಟಿಎಸ್‌ಸಿ; ಅದರಲ್ಲಿ ಪರದೆಯು ಸೆಕೆಂಡಿಗೆ ಸುಮಾರು ೬೦ ಬಾರಿ ಬರೆಯಲ್ಪಡುತ್ತದೆ. ಭಾರತವು ಸ್ವೀಕರಿಸಿದುದು ಪಾಲ್ ಪದ್ಧತಿ. ಅದರಲ್ಲಿ ೫೦ ಬಾರಿ. ಜಪಾನಿನಿಂದ ನೇರವಾಗಿ ತಂದ ಯಂತ್ರವು ಇಲ್ಲಿನ ಟಿ.ವಿ.ಗೆ ಹೊಂದುತ್ತಿರಲಿಲ್ಲ. ಸಂಯುಕ್ತ ಅರಬ್ ಸಂಸ್ಥಾನ, ಕುವೈತ್ ಮೊದಲಾದ ಕಡೆಗಳಲ್ಲಿಯೂ ಪಾಲ್ ಪದ್ಧತಿಯೇ ಇದ್ದುದರಿಂದ ಅಲ್ಲಿನ ಅಂಗಡಿಯಲ್ಲಿ ಕೊಂಡುದು ಮಂಗಳೂರಿನಲ್ಲಿ ಸರಾಗವಾಗಿ ನಡೆಯಿತು. ಆದರೆ ಕಾಲವನ್ನು ಪರದೆಯ ಆವರ್ತನದಿಂದ ಅಳೆಯುವ ಆಟವು ೬೦ರ ಬದಲು ೫೦ರ ಲೆಕ್ಕದಲ್ಲಿ ನಡೆದಾಗ ಆರನೆಯ ಒಂದು ಪಾಲು ನಿಧಾನವಾಗುತ್ತದೆ. ಎಂದರೆ ನಮ್ಮ ಮಕ್ಕಳು ಆಡಿದ ‘ಗ್ಯಾಲಾಕ್ಸಿಯನ್’ ಟೋಕಿಯೋದ ಮಕ್ಕಳು ಆಡಿದ ‘ಗ್ಯಾಲಾಕ್ಸಿಯನ್’ಗಿಂತ ಮಂದಗತಿಯದು. ಇದನ್ನು ಕರಾವಳಿಯ ಪಾಠವೆನ್ನಲು ಅಡ್ಡಿಯಿಲ್ಲವಾದರೂ ಕರಾವಳಿಗೆ ಮಾತ್ರ ಸೀಮಿತವಾದುದಲ್ಲ. ಪಾಲ್ ಪ್ರದೇಶಗಳಿಗೆಲ್ಲ ಸಮಾನವಾದ ಶಾಖಾಪಾಠವೆನ್ನುವುದೇ ಯುಕ್ತ.

ಈ ವಸ್ತುಗಳು ಬಂದುದಕ್ಕೆ ಊರಿನ ಸುಂಕದ ದಾಖಲೆಗಳಲ್ಲಿ ಸಾಕ್ಷ್ಯವನ್ನು ಹುಡುಕುವುದು ಬಹುಮಟ್ಟಿಗೆ ವ್ಯರ್ಥ. ಬಜಪೆಯ ವಿಮಾನನಿಲ್ದಾಣವು ೧೯೫೧ರಷ್ಟು ಹಿಂದಿನದಾದರೂ, ಅಲ್ಲಿಂದ ಕೊಲ್ಲಿಗೆ ನೇರ ವಿಮಾನ ಹಾರಿದುದು ೨೦೦೬ರಲ್ಲಿ. ಅದಕ್ಕೆ ಮೊದಲು ಬಹುಪಾಲು ಮಂದಿ ಮುಂಬಯಿಯಲ್ಲಿ ಇಳಿದು, ಅಲ್ಲಿಯೇ ಸುಂಕದ ತಪಾಸಣೆ ಮುಗಿಸಿ, ಬಸ್ಸಿನಲ್ಲಿ ಆಗಿನ ೧೭ನೆಯ ರಾಷ್ಟ್ರೀಯ ಹೆದ್ದಾರಿಯ ಮೂಲಕ ಊರಿಗೆ ಬರುತ್ತಿದ್ದರು. ಕೊಂಕಣ ರೈಲುಮಾರ್ಗ ಪೂರ್ಣವಾಗಿ ತೆರೆದುದು ೧೯೯೮ರಲ್ಲಿ. ೧೯೯೧ರ ಆರ್ಥಿಕ ಸುಧಾರಣೆಗಳ ಅನಂತರ ‘ಸಮುರಾಯ್’, ‘ಮೀಡಿಯಾ’ ಮೊದಲಾದ ಹೆಸರುಗಳ ಫ್ಯಾಮಿಕಾಂ ಮಾದರಿಯ ಯಂತ್ರಗಳು ದೇಶದ ಅಂಗಡಿಗಳಲ್ಲಿ ಹೆಚ್ಚು ಹೆಚ್ಚಾಗಿ ದೊರೆಯತೊಡಗಿ, ಕೊಲ್ಲಿಯ ಸಂಬಂಧವಿಲ್ಲದ ಮನೆಗಳನ್ನೂ ಆಟವು ಪ್ರವೇಶಿಸಿತು.

೪. ಒಂದು ಪ್ರತಿಯ ಪರೀಕ್ಷೆ

ನಿದರ್ಶನಕ್ಕಾಗಿ ಲೇಖಕನ ಮನೆಯಲ್ಲಿಯೇ ಉಳಿದಿರುವ ಒಂದು ಆಟದ ಪೆಟ್ಟಿಗೆಯನ್ನು ಇಲ್ಲಿ ಪರಿಶೀಲಿಸಲಾಗಿದೆ. ಇದನ್ನು ಮನೆಯವರೆಲ್ಲರೂ ‘ಕ್ಯಾಸೆಟ್’ ಎಂದೇ ಕರೆಯುತ್ತಾರೆ. ಇದರೊಳಗೆ ಸುರುಳಿಯೇನೂ ಇಲ್ಲ. ಆದರೂ ಹಾಡಿನ ಕ್ಯಾಸೆಟ್, ಸಿನೆಮಾದ ಕ್ಯಾಸೆಟ್‌ಗಳಿಗೆ ಒಗ್ಗಿದ್ದ ಜನರು ಯಂತ್ರದೊಳಗೆ ತುರುಕುವ ಈ ಪೆಟ್ಟಿಗೆಗೂ ಅದೇ ಹೆಸರನ್ನಿತ್ತುದು ಸಹಜವಾಗಿದೆ. ದುಬೈಯಲ್ಲಿ ದುಡಿಯುತ್ತಿದ್ದ ಸೋದರಮಾವನವರು ಇದನ್ನು ತಂದುದು ೧೯೯೫ರಲ್ಲಿ ಎಂದು ಮನೆಯವರ ನೆನಪು. ಆದರೆ ಅವರ ಹಳೆಯ ಪಾಸ್‌ಪೋರ್ಟಿನಲ್ಲಿ ಆ ವರ್ಷ ಭಾರತಕ್ಕೆ ಬಂದ ಮುದ್ರೆಯಿಲ್ಲ. ಮುಂಬಯಿಯಲ್ಲಿ ಇಳಿದ ಮುದ್ರೆ ೧೯೯೬ರ ಮೇ ತಿಂಗಳಿನದು. ಎರಡು ವರ್ಷಕ್ಕೊಮ್ಮೆ ಮಾತ್ರ ಊರಿಗೆ ಬರಲು ಅವಕಾಶವಿದ್ದವರ ವಿಷಯದಲ್ಲಿ ಈ ಮುದ್ರೆಯನ್ನು ನಂಬುವುದೇ ಸೂಕ್ತ.

ಹಳದಿ ಬಣ್ಣದ ಈ ಪೆಟ್ಟಿಗೆಯ ಮೇಲಿನ ಚೀಟಿಯಲ್ಲಿ ೬೪ ಆಟಗಳೆಂದು ಅಚ್ಚಾಗಿದೆ. ಆಡಿ ನೋಡಿದರೆ ದೊರೆಯುವುವು ೧೬ ಮಾತ್ರ. ಒಂದೊಂದು ಆಟವೂ ಬೇರೆ ಬೇರೆ ಹೆಸರಿನಲ್ಲಿ ನಾಲ್ಕು ಬಾರಿ ಬಂದಿದ್ದು, ಎರಡನೆಯ ಬಾರಿಗೆ ಮುಂದಿನ ಹಂತದಿಂದ, ಮೂರನೆಯ ಬಾರಿಗೆ ಇನ್ನೂ ಮುಂದಿನಿಂದ ಆರಂಭವಾಗುತ್ತದೆ. ಗ್ರಂಥಸಂಖ್ಯೆಯ ಲೆಕ್ಕದಲ್ಲಿ ಕೂಲಿ ಪಡೆಯುತ್ತಿದ್ದ ಲಿಪಿಕಾರನ ಆಸೆ ಇಲ್ಲಿಯೂ ಕಾಣುತ್ತದೆ. ‘ಗ್ಯಾಲಾಕ್ಸಿಯನ್’ ಇದರಲ್ಲಿದೆ. ಆದರೆ ಮೊದಲ ಚಿತ್ರದಲ್ಲಿ ಸಂಸ್ಥೆಯ ಹೆಸರೂ ವರ್ಷವೂ ಇರಬೇಕಾದ ಸ್ಥಳ ಬರಿದಾಗಿದೆ. ನಮ್ಮ ಲಿಪಿಕಾರರು ಪುಷ್ಪಿಕೆಯಲ್ಲಿ ತಮ್ಮ ಹೆಸರನ್ನು ಸೇರಿಸುತ್ತಿದ್ದರಾದರೂ ಕವಿಯ ಹೆಸರನ್ನು ಅಳಿಸುತ್ತಿರಲಿಲ್ಲ. ಇಲ್ಲಿ ಕರ್ತೃವಿನ ಹೆಸರೂ ಇಲ್ಲ, ಪ್ರತಿಕಾರನ ಹೆಸರೂ ಇಲ್ಲ. ಈ ಆಟವನ್ನು ಬಾಲ್ಯದಲ್ಲಿ ನೂರಾರು ಬಾರಿ ಆಡಿದ ಲೇಖಕನಿಗೆ ಇದು ಜಪಾನಿನದೆಂಬುದು ತಿಳಿದುದು ಸ್ನಾತಕೋತ್ತರ ಪದವಿಯ ಅನಂತರ. ಅಳಿಸಿದ ಒಂದು ಸಾಲು ಒಂದು ಪೀಳಿಗೆಯ ತಿಳಿವಳಿಕೆಯಿಂದ ಕರ್ತೃವನ್ನೂ ದೇಶವನ್ನೂ ಕಾಲವನ್ನೂ ಹೇಗೆ ಮರೆಮಾಡಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಪೆಟ್ಟಿಗೆಯನ್ನು ಬಿಚ್ಚಿದಾಗ ಚಿಪ್ಪಿನ ಮೇಲೆ ಕಪ್ಪು ಅಂಟನ್ನು ಸುರಿದಿರುವುದು ಕಂಡುಬಂದಿತು. ಅದರಡಿಯ ಗುರುತುಗಳನ್ನು ಓದಲು ಮಾರ್ಗವಿಲ್ಲ. ಸಂಪರ್ಕದ ಲೋಹಪಟ್ಟಿಗಳು ಅಲ್ಲಲ್ಲಿ ಹಸಿರುಗಟ್ಟಿವೆ. ಆಟ ತೆರೆಯದಿದ್ದಾಗ ಪೆಟ್ಟಿಗೆಯ ಬಾಯಿಗೆ ಊದುವುದು ನಮ್ಮೆಲ್ಲರ ಅಭ್ಯಾಸವಾಗಿತ್ತು. ಉಸಿರಿನ ತೇವಕ್ಕೆ ಕಡಲಿನ ಉಪ್ಪುಗಾಳಿಯೂ ಸೇರಿ ಲೋಹವನ್ನು ತಿಂದಿದೆ.

೫. ಸಂಗ್ರಹದ ಪ್ರಶ್ನೆ

ಇವು ಆಟಿಕೆಗಳು, ಅದರಲ್ಲಿಯೂ ಅನಧಿಕೃತವಾದ ನಕಲುಗಳು, ಇವಕ್ಕೆ ಇತಿಹಾಸವಿಭಾಗವೇಕೆ ಎಂಬ ಆಕ್ಷೇಪ ಬರಬಹುದು. ಮೊದಲನೆಯದಾಗಿ, ೧೯೫೭ರ ಕೃತಿಸ್ವಾಮ್ಯ ಶಾಸನಕ್ಕೆ ೧೯೮೪ರಲ್ಲಿ ಆದ ತಿದ್ದುಪಡಿಯು ಗಣಕದ ಕ್ರಮವಿಧಿಯನ್ನು ಸಾಹಿತ್ಯಕೃತಿಗಳ ಸಾಲಿನಲ್ಲಿ ಸೇರಿಸಿದೆ. ಆದರೆ ಮುದ್ರಿತ ಗ್ರಂಥಗಳ ಪ್ರತಿಗಳನ್ನು ಗ್ರಂಥಾಲಯಗಳಿಗೆ ಒಪ್ಪಿಸಬೇಕೆಂದು ವಿಧಿಸಿದ ೧೯೫೪ರ ಶಾಸನದ ವ್ಯಾಪ್ತಿ ಗ್ರಂಥಗಳಿಗೂ ಮುಂದೆ ಸೇರಿಸಿದ ಪತ್ರಿಕೆಗಳಿಗೂ ಸೀಮಿತವಾಯಿತು. ಸಾಹಿತ್ಯಕೃತಿಯೆಂದು ಕಾನೂನು ಒಪ್ಪಿದ ವಸ್ತುವೊಂದನ್ನು ಕಾಪಾಡುವ ಹೊಣೆ ಹೀಗೆ ಯಾರ ಮೇಲೂ ಬೀಳಲಿಲ್ಲ. ಅದು ಉಳಿದಿರುವುದು ಮನೆಗಳ ಅಟ್ಟದಲ್ಲಿ.

ಎರಡನೆಯದಾಗಿ, ಪ್ರತಿಯು ಅನಧಿಕೃತವೆಂಬ ಕಾರಣಕ್ಕೆ ಅದರ ಸಾಕ್ಷ್ಯಮೌಲ್ಯ ಇಲ್ಲದಾಗುವುದಿಲ್ಲ. ಇದಕ್ಕೆ ದೂರ ಹೋಗಬೇಕಾಗಿಲ್ಲ. ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಉಳಿದಿದ್ದ ಧವಳಗ್ರಂಥಗಳ ಓಲೆಗಳಿಂದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕೆಲಸ ಆರಂಭವಾದಾಗ, ಗುಟ್ಟಾಗಿ ತೆಗೆದ ಪ್ರತಿಯೊಂದು ಉತ್ತರಭಾರತವನ್ನು ತಲುಪಿತು. ಆ ಪಾಠವು ವಿದ್ವಲ್ಲೋಕಕ್ಕೆ ತೆರೆದುದರಲ್ಲಿ ಅಂತಹ ಪ್ರತಿಯ ಪಾತ್ರವೂ ಇದೆ. ಆ ಪೂಜ್ಯಗ್ರಂಥಕ್ಕೂ ಮಕ್ಕಳ ಆಟಕ್ಕೂ ಹೋಲಿಕೆಯಿಲ್ಲ. ಹೋಲಿಕೆಯಿರುವುದು ಪ್ರತಿಯು ಸಾಗುವ ರೀತಿಯಲ್ಲಿ, ಅದನ್ನು ಓದಬೇಕಾದ ಎಚ್ಚರಿಕೆಯಲ್ಲಿ.

ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಈ ಕೆಲಸವನ್ನು ತಮ್ಮ ಮನೆಗಳಿಂದಲೇ ಆರಂಭಿಸಬಹುದು. ಯಂತ್ರದ ಹೆಸರು, ಪೆಟ್ಟಿಗೆಯ ಸಂಪರ್ಕಗಳ ಸಂಖ್ಯೆ, ಚೀಟಿಯ ಬರಹ, ಆಟಗಳ ಪಟ್ಟಿ, ಮೊದಲ ಚಿತ್ರದ ಛಾಯಾಚಿತ್ರ ಇವನ್ನು ಗುರುತುಮಾಡಿಕೊಳ್ಳಬೇಕು. ಯಾರು, ಎಲ್ಲಿಂದ, ಯಾವಾಗ ತಂದರೆಂಬುದನ್ನು ಕೇಳಿ, ಸಾಧ್ಯವಾದಲ್ಲಿ ಪಾಸ್‌ಪೋರ್ಟು ಅಥವಾ ಅಂಗಡಿಯ ರಸೀತಿಯೊಡನೆ ತಾಳೆನೋಡಬೇಕು. ಪೆಟ್ಟಿಗೆಯನ್ನು ತೇವವಿಲ್ಲದ ಡಬ್ಬಿಯಲ್ಲಿ ಇರಿಸಬೇಕು. ೧೯೭೦ರ ದಶಕದಲ್ಲಿ ಕೊಲ್ಲಿಗೆ ಹೋದವರು ಈಗ ವೃದ್ಧರು. ಅವರ ನೆನಪಿಗೂ ಪೆಟ್ಟಿಗೆಯ ಲೋಹಕ್ಕೂ ಇನ್ನು ಬಹುಕಾಲವಿಲ್ಲ. ಆಟದ ಮೊದಲ ಚಿತ್ರದಲ್ಲಿ ಅಳಿಸಿಹೋದ ಕರ್ತೃವಿನ ಹೆಸರನ್ನು ಬೇರೆ ಪ್ರತಿಗಳಿಂದ ತುಂಬಿಕೊಳ್ಳಬಹುದು. ಅದನ್ನು ಹೊತ್ತು ತಂದವರ ಹೆಸರನ್ನು ಬರೆದಿಡಬೇಕಾದವರು ನಾವೇ.