ಅಪವರ್ತನವಿಧಿಯ ಪ್ರಾಚೀನತೆ

ಭಿನ್ನರಾಶಿಯ ಅಂಶಚ್ಛೇದಗಳೆರಡನ್ನೂ ಒಂದೇ ಸಂಖ್ಯೆಯಿಂದ ಶೇಷವಿಲ್ಲದಂತೆ ಭಾಗಿಸಿ, ಬೆಲೆಗೆ ಚ್ಯುತಿಬಾರದಂತೆ ಕಿರಿದುಗೊಳಿಸುವ ಕ್ರಿಯೆಗೆ ನಮ್ಮ ಗಣಿತಶಾಸ್ತ್ರದಲ್ಲಿ ಅಪವರ್ತನವೆಂದು ಹೆಸರು. ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ (1150) ಭಿನ್ನಗಳ ಸಂಕಲನ, ಗುಣನ, ಭಾಗಹಾರಾದಿಗಳಿಗೆ ಸೂತ್ರಗಳುಂಟು. ಆ ಪ್ರಕರಣದಲ್ಲಿ ಅಪವರ್ತನಕ್ಕೆ ಮಾತ್ರ ಪ್ರತ್ಯೇಕ ಸೂತ್ರವಿಲ್ಲ. ಆದುದರಿಂದ ಈ ವಿಧಿಯು ಪ್ರಾಚೀನರಲ್ಲಿ ವ್ಯವಸ್ಥಿತವಾಗಿರಲಿಲ್ಲವೆಂಬ ಶಂಕೆ ಹುಟ್ಟಬಹುದು. ಗ್ರಂಥಗಳನ್ನು ಪರಿಶೀಲಿಸಿದರೆ ಆ ಶಂಕೆಯು ನಿಲ್ಲಲಾರದು.

ಮೊದಲನೆಯ ಪ್ರಮಾಣವು ಗಣಿತಗ್ರಂಥದ್ದಲ್ಲ. ಉಮಾಸ್ವಾತಿಯ ತತ್ತ್ವಾರ್ಥಾಧಿಗಮಸೂತ್ರಕ್ಕೆ ಅವನದೇ ಎಂದು ಶ್ವೇತಾಂಬರರು ಅಂಗೀಕರಿಸುವ ಭಾಷ್ಯದಲ್ಲಿ, ದೀರ್ಘಕಾಲ ಅನುಭವಿಸಬೇಕಾದ ಕರ್ಮವು ಅಲ್ಪಕಾಲದಲ್ಲಿಯೇ ಕ್ಷಯಿಸುವುದು ಹೇಗೆಂಬ ವಿಚಾರ ಬರುತ್ತದೆ. ಗಣಿತಾಚಾರ್ಯನು ಕ್ರಿಯೆಯ ಲಾಘವಕ್ಕಾಗಿ ರಾಶಿಯನ್ನು ಅಪವರ್ತಿಸುತ್ತಾನೆ, ಅದರಿಂದ ಎಣಿಸತಕ್ಕ ಪದಾರ್ಥವು ಇಲ್ಲವಾಗುವುದಿಲ್ಲ ಎಂಬುದು ಅಲ್ಲಿಯ ಸಮಾಧಾನ. ಹರವಿದ ಒದ್ದೆಬಟ್ಟೆಯು ಬೇಗ ಒಣಗುವ ದೃಷ್ಟಾಂತವೂ ಇದರ ಜೊತೆಯಲ್ಲಿಯೇ ಇದೆ. ಅರಿಯದುದನ್ನು ತಿಳಿಸಲು ಅರಿತುದನ್ನೇ ದೃಷ್ಟಾಂತವಾಗಿ ಕೊಡುವುದು ಶಾಸ್ತ್ರಸಂಪ್ರದಾಯವಾದುದರಿಂದ, ಅಪವರ್ತನವು ಆ ಕಾಲದ ಓದುಗರಿಗೆ ಬಟ್ಟೆ ಒಣಗುವಷ್ಟೇ ಪರಿಚಿತವಾಗಿದ್ದಿರಬೇಕು.

ಎರಡನೆಯದು ಕರ್ಣಾಟಕಕ್ಕೆ ಸಂಬಂಧಿಸಿದುದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನನ್ನು ಸ್ತುತಿಸುವ ಮಹಾವೀರಾಚಾರ್ಯನು 9ನೆಯ ಶತಮಾನದಲ್ಲಿ ರಚಿಸಿದ ಗಣಿತಸಾರಸಂಗ್ರಹದ ಕಲಾಸವರ್ಣ ಪ್ರಕರಣದಲ್ಲಿ ‘ನಿರುದ್ಧ’ವೆಂಬುದನ್ನು ಹೇಳುತ್ತಾನೆ. ಛೇದಗಳಲ್ಲಿರುವ ಸಾಧಾರಣ ಅಪವರ್ತನಗಳನ್ನೂ, ಭಾಗಿಸಿ ಉಳಿದ ಲಬ್ಧಗಳನ್ನೂ ಪರಸ್ಪರ ಗುಣಿಸಿದರೆ ನಿರುದ್ಧವು ದೊರೆಯುತ್ತದೆ. ಈಗಿನ ಶಾಲೆಗಳ ಲಘುತ್ತಮ ಸಾಮಾನ್ಯ ಅಪವರ್ತ್ಯವು ಇದೇ.

ಭಾಸ್ಕರನು ವಿಧಿಯನ್ನು ಬಿಟ್ಟವನಲ್ಲ, ಕುಟ್ಟಕಪ್ರಕರಣದಲ್ಲಿ ಇರಿಸಿದ್ದಾನೆ. ಎರಡು ರಾಶಿಗಳನ್ನು ಪರಸ್ಪರ ಭಾಗಿಸುತ್ತ ಹೋದರೆ ಕಡೆಗೆ ಉಳಿಯುವ ಶೇಷವೇ ಅಪವರ್ತನ. ಅದರಿಂದ ಭಾಗಿಸಿದವು ‘ದೃಢ’ಗಳು, ಎಂದರೆ ಮತ್ತೆ ಕಿರಿದಾಗದವು. 63ನ್ನು 14ರಿಂದ ಭಾಗಿಸಿದರೆ ಶೇಷ 7. 14ನ್ನು 7ರಿಂದ ಭಾಗಿಸಿದರೆ ಶೇಷವಿಲ್ಲ. ಆದುದರಿಂದ 7 ಅಪವರ್ತನ. 9 ಮತ್ತು 2 ದೃಢಗಳು. ಈ 63, 14 ಎಂಬ ಛೇದಗಳೇ ಅವನ ಸಮಚ್ಛೇದದ ಉದಾಹರಣೆಯಲ್ಲಿವೆ. ಅಪವರ್ತಿತ ಹರಗಳಿಂದಲೇ ಗುಣಿಸಬಹುದೆಂದು ಅಲ್ಲಿ ಅವನು ಸೂಚಿಸುತ್ತಾನೆ. ಆಗ ಸಮಚ್ಛೇದವು 882 ಆಗದೆ 126ರಲ್ಲಿ ನಿಲ್ಲುತ್ತದೆ.

ಸಾಹಿತ್ಯರಸಿಕರಿಗೆ ಅವನ ಲೋಭಿಯ ಲೆಕ್ಕವು ವಿಶೇಷವಾಗಿ ಗಮನಾರ್ಹವು. ಒಂದು ದ್ರಮ್ಮದ ಅರ್ಧದ ಮೂರರಲ್ಲೆರಡು ಪಾಲಿನ ಮುಕ್ಕಾಲಿನ ಐದನೆಯ ಒಂದರ ಹದಿನಾರನೆಯ ಒಂದರ ಕಾಲುಭಾಗವನ್ನು ಯಾಚಕನಿಗೆ ಕೊಟ್ಟವನು ಎಷ್ಟು ಕವಡೆ ಕೊಟ್ಟಂತಾಯಿತೆಂಬುದು ಪ್ರಶ್ನೆ. ಅಂಶಗಳನ್ನೂ ಛೇದಗಳನ್ನೂ ಬೇರೆಬೇರೆ ಗುಣಿಸಲು 6/7680 ಬರುತ್ತದೆ. 6ರಿಂದ ಅಪವರ್ತಿಸಲು 1/1280. 20 ಕವಡೆಗೆ ಕಾಕಿಣಿ, 4 ಕಾಕಿಣಿಗೆ ಪಣ, 16 ಪಣಕ್ಕೆ ದ್ರಮ್ಮವಾದುದರಿಂದ ದ್ರಮ್ಮಕ್ಕೆ ಕವಡೆಗಳು 1280. ಲೋಭಿಯು ಕೊಟ್ಟುದು ಒಂದೇ ಒಂದು ಕವಡೆ! ಮಾತಿನ ಆಡಂಬರದಲ್ಲಿ ಅಡಗಿದ್ದ ಜಿಪುಣತನವು ಅಪವರ್ತನದಿಂದಲೇ ಬಯಲಾಗುತ್ತದೆ; ಹಾಸ್ಯವು ಗಣಿತಕ್ರಿಯೆಯಲ್ಲಿಯೇ ನೆಲೆಗೊಂಡಿದೆ.

ಇಂತು ಭಿನ್ನಪ್ರಕರಣದಲ್ಲಿ ಸೂತ್ರವಿಲ್ಲದಿರುವುದು ಅಜ್ಞಾನಕ್ಕೆ ಸಾಕ್ಷಿಯಲ್ಲ, ಗುರುಮುಖದಿಂದ ಮೊದಲೇ ಕಲಿತಿರುತ್ತಿದ್ದರೆಂಬುದಕ್ಕೆ ಸಾಕ್ಷಿ. ಇಂದು ಮಾಧ್ಯಮಿಕ ಶಾಲೆಯ ಬಾಲಕರು ಮೇಲಿನದನ್ನೂ ಕೆಳಗಿನದನ್ನೂ ಹೊಡೆದುಹಾಕುವುದನ್ನು ಕಲಿಯುತ್ತಾರೆ. ಹೊಡೆದರೂ ಬೆಲೆ ಏಕೆ ಕೆಡಲಿಲ್ಲವೆಂಬುದನ್ನು ಅನೇಕರು ಅರಿಯರು. ಎಣಿಸತಕ್ಕ ಪದಾರ್ಥವು ಇಲ್ಲವಾಗುವುದಿಲ್ಲವೆಂಬ ಭಾಷ್ಯಕಾರನ ಮಾತೇ ಇದಕ್ಕೆ ಉತ್ತರ. ಅದನ್ನು ತಿಳಿಸಿದ ಬಳಿಕವೇ ಕ್ರಿಯೆಯನ್ನು ಕಲಿಸುವುದು ಉಚಿತ.