ಗೊಬ್ಬರದ ಮಡಿಯಿಂದ ಅನಿಲದ ಒಲೆಯವರೆಗೆ: ಗಾಜಿನಮನೆ ಬೇಸಾಯದ ಚರಿತ್ರೆಯಲ್ಲಿ ಅನುಭವಜ್ಞಾನದ ಸ್ಥಾನ

ತಂತ್ರಜ್ಞಾನದ ಚರಿತ್ರೆಯನ್ನು ಬರೆಯುವಾಗ ಪ್ರಯೋಗಶಾಲೆಯನ್ನು ಮೊದಲಿಗೂ ಹೊಲವನ್ನು ಕೊನೆಗೂ ಇರಿಸುವುದು ವಾಡಿಕೆಯಾಗಿದೆ. ವಿದ್ವಾಂಸನು ತತ್ತ್ವವನ್ನು ಕಂಡುಹಿಡಿಯುತ್ತಾನೆ, ಬೇಸಾಯಗಾರನು ಅದನ್ನು ಅನುಸರಿಸುತ್ತಾನೆ ಎಂಬ ಗ್ರಹಿಕೆ ಇದರ ಹಿಂದಿದೆ. ಈ ಗ್ರಹಿಕೆ ಎಲ್ಲೆಡೆಯೂ ಸಲ್ಲುವುದಿಲ್ಲ ಎಂಬುದಕ್ಕೆ ಮುಚ್ಚಿದ ಬೆಳೆಮನೆಗಳಲ್ಲಿ ಇಂಗಾಲದ ಡೈಆಕ್ಸೈಡನ್ನು ಉತ್ಪಾದಿಸಿ ಗಿಡಗಳಿಗೆ ಒದಗಿಸುವ ಕ್ರಮದ ಚರಿತ್ರೆ ಒಳ್ಳೆಯ ನಿದರ್ಶನವಾಗಿದೆ. ಈ ಅನಿಲದ ವಿಷಯದಲ್ಲಿ ಅನುಭವಜ್ಞಾನ ಮತ್ತು ಶಾಸ್ತ್ರಜ್ಞಾನಗಳು ಹೇಗೆ ಒಂದನ್ನೊಂದು ತಿದ್ದಿಕೊಂಡವು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಶಾಸ್ತ್ರದ ಕಡೆಯ ಸಂಗತಿಗಳನ್ನು ಮೊದಲು ಸಂಕ್ಷಿಪ್ತವಾಗಿ ನೋಡಬಹುದು. ‘ಗ್ಯಾಸ್’ ಎಂಬ ಪದವನ್ನು ಬಳಕೆಗೆ ತಂದ ವಾನ್ ಹೆಲ್ಮಾಂಟನು ಇದ್ದಿಲು ಉರಿಯುವಾಗಲೂ ಹುದುಗು ಬರುವಾಗಲೂ ಒಂದೇ ಬಗೆಯ ಅನಿಲ ಹೊರಡುವುದನ್ನು ಗುರುತಿಸಿದ್ದನು. ಆದರೆ ಐದು ವರ್ಷ ಬೆಳೆಸಿದ ವಿಲೋ ಗಿಡದ ತೂಕವೆಲ್ಲ ನೀರಿನಿಂದಲೇ ಬಂದಿತೆಂದು ಅವನು ತೀರ್ಮಾನಿಸಿದನು. ತಾನೇ ಹೆಸರಿಟ್ಟ ಅನಿಲವೇ ಗಿಡದ ಆಹಾರವೆಂಬುದು ಅವನಿಗೆ ಹೊಳೆಯಲಿಲ್ಲ. 1771ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿಯು, ಮೇಣದ ಬತ್ತಿ ಆರಿಹೋದ ಗಾಳಿಯಲ್ಲಿ ಪುದೀನದ ಕುಡಿಯನ್ನು ಇರಿಸಿ, ಕೆಲವು ದಿನಗಳ ಅನಂತರ ಅದೇ ಗಾಳಿಯಲ್ಲಿ ಬತ್ತಿ ಮತ್ತೆ ಉರಿಯುವುದನ್ನು ಕಂಡನು. ಈ ಕ್ರಿಯೆಗೆ ಬೆಳಕು ಬೇಕೆಂದು 1779ರಲ್ಲಿ ಇಂಗೆನ್‌ಹೌಸನೂ ಇಂಗಾಲದ ಡೈಆಕ್ಸೈಡ್ ಬೇಕೆಂದು 1782ರಲ್ಲಿ ಸೆನೆಬಿಯೆಯೂ ತೋರಿಸಿದರು. 1804ರಲ್ಲಿ ಜಿನೀವಾದ ಡ ಸೊಸ್ಯೂರನು ಈ ಅನಿಲ ಹೆಚ್ಚಿರುವ ಗಾಳಿಯಲ್ಲಿ, ಬಿಸಿಲಿದ್ದರೆ, ಬಟಾಣಿ ಗಿಡಗಳು ಚೆನ್ನಾಗಿ ಬೆಳೆಯುವುದನ್ನು ದಾಖಲಿಸಿದನು. ಆದರೂ ಮುಂದಿನ ನೂರು ವರ್ಷ ಈ ತಿಳಿವಳಿಕೆ ತೋಟವನ್ನು ಮುಟ್ಟಲಿಲ್ಲ.

ತೋಟದಲ್ಲಿ ಅಷ್ಟರಲ್ಲಾಗಲೇ ಬೇರೊಂದು ಪದ್ಧತಿ ಬೆಳೆದಿತ್ತು. ಹತ್ತೊಂಬತ್ತನೆಯ ಶತಮಾನದ ಪ್ಯಾರಿಸ್ ನಗರದ ತರಕಾರಿ ಬೆಳೆಗಾರರು ಕುದುರೆ ಲಾಯಗಳಿಂದ ತಂದ ಹಸಿ ಗೊಬ್ಬರವನ್ನು ದಪ್ಪನಾಗಿ ಹರಡಿ, ಅದರ ಮೇಲೆ ತೆಳ್ಳಗೆ ಮಣ್ಣು ಹಾಕಿ ಮಡಿ ಮಾಡುತ್ತಿದ್ದರು. ಸೊಪ್ಪಿನ ಸಸಿಗಳ ಮೇಲೆ ಗಂಟೆಯಾಕಾರದ ಗಾಜಿನ ಮುಚ್ಚಳಗಳನ್ನೋ ಗಾಜಿನ ಚೌಕಟ್ಟುಗಳನ್ನೋ ಮುಚ್ಚುತ್ತಿದ್ದರು. ಗೊಬ್ಬರ ಕೊಳೆಯುವಾಗ ಹುಟ್ಟುವ ಶಾಖದಿಂದ ಕಡು ಚಳಿಗಾಲದಲ್ಲಿಯೂ ಬೆಳೆ ಬರುತ್ತಿತ್ತು. ಮೊರೋ ಮತ್ತು ದಾವೆರ್ನ್ ಎಂಬ ಇಬ್ಬರು ಬೆಳೆಗಾರರು ಈ ಕಸುಬಿನ ಕ್ರಮಗಳನ್ನು 1845ರಲ್ಲಿ ಒಂದು ಕೈಪಿಡಿಯಾಗಿ ಪ್ರಕಟಿಸಿದರು. ಕ್ರೊಪಾಟ್ಕಿನ್ ತನ್ನ ಕೃಷಿ-ಕೈಗಾರಿಕೆ ಕುರಿತ ಗ್ರಂಥದಲ್ಲಿ ಈ ಬೆಳೆಗಾರರ ದುಡಿಮೆಯನ್ನು ಮೆಚ್ಚಿಕೊಂಡಿದ್ದಾನೆ. ಮಡಿಯ ಗುಣವೆಲ್ಲ ಶಾಖದ್ದು ಮತ್ತು ಸಾರದ್ದು ಎಂಬುದೇ ಸಾಮಾನ್ಯ ವಿವರಣೆಯಾಗಿದ್ದಿತು. ಕೊಳೆಯುವ ಗೊಬ್ಬರವು ಶಾಖದ ಜೊತೆಗೆ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ, ಗಾಜು ಅದನ್ನು ಹಿಡಿದಿಡುತ್ತದೆ ಎಂಬ ಮೂರನೆಯ ಕಾರಣಕ್ಕೆ ಹೆಸರಿರಲಿಲ್ಲ. ಬೆಳೆಗಾರರು ಬಳಸುತ್ತಿದ್ದುದು ಒಂದು ಅನಿಲೋತ್ಪಾದಕವನ್ನೇ, ಆದರೆ ಅದು ಅವರಿಗೆ ತಿಳಿದಿರಲಿಲ್ಲ.

ಇಲ್ಲಿಂದ ಮುಂದಿನ ಘಟ್ಟ ವಿವಾದದ್ದು. 1902ರಲ್ಲಿ ಲಂಡನ್ನಿನ ಕ್ಯೂ ಉದ್ಯಾನದ ಜೊಡ್ರೆಲ್ ಪ್ರಯೋಗಾಲಯದಲ್ಲಿ ಬ್ರೌನ್ ಮತ್ತು ಎಸ್ಕೋಂಬ್ ಎಂಬ ವಿಜ್ಞಾನಿಗಳು, ಹೆಚ್ಚಿನ ಇಂಗಾಲದ ಡೈಆಕ್ಸೈಡಿನಲ್ಲಿ ಬೆಳೆಸಿದ ಗಿಡಗಳ ಬೆಳವಣಿಗೆ ವಿಕಾರಗೊಂಡಿತೆಂದು ವರದಿ ಮಾಡಿದರು. ಅದೇ ವರ್ಷದಿಂದ ಫ್ರಾನ್ಸಿನ ಡೆಮೂಸಿಯು ನಡೆಸಿದ ಪ್ರಯೋಗಗಳು ಇದಕ್ಕೆ ವಿರುದ್ಧವಾದ ಫಲಿತಾಂಶವನ್ನು ನೀಡಿದವು. ಆಂಗ್ಲ ವಿಜ್ಞಾನಿಗಳು ಬಳಸಿದ ಅನಿಲ ಶುದ್ಧವಾಗಿರಲಿಲ್ಲವೆಂಬುದು ಅವನ ಅನುಮಾನ. ಗೊಬ್ಬರದ ಮಡಿಗಳ ಮೇಲಿನ ಗಾಜಿನ ಚೌಕಟ್ಟುಗಳಲ್ಲಿ ಗಿಡಗಳು ಹುಲುಸಾಗಿ ಬೆಳೆಯುವುದಕ್ಕೆ ಕೊಳೆತದಿಂದ ಹೊರಬರುವ ಇಂಗಾಲದ ಡೈಆಕ್ಸೈಡೂ ಒಂದು ಕಾರಣವೆಂದು ಅವನು ಸೂಚಿಸಿದನು. ಹೀಗೆ ಬೆಳೆಗಾರರ ರೂಢಿಯು ಒಂದು ಶಾಸ್ತ್ರೀಯ ವಿವಾದದಲ್ಲಿ ಸಾಕ್ಷ್ಯವಾಗಿ ಬಂದು ನಿಂತಿತು. ನಮ್ಮ ದೃಷ್ಟಿಯಿಂದ ಇದು ಅತ್ಯಂತ ಗಮನಾರ್ಹವಾದ ಸಂಗತಿ.

ಅನಿಲದ ಶುದ್ಧಿಯ ಪ್ರಶ್ನೆ ಚಿಕ್ಕದಾಗಿರಲಿಲ್ಲ. 1901ರಲ್ಲಿ ರಷ್ಯಾದ ನೆಲ್ಯುಬೊವ್, ದೀಪದ ಅನಿಲದಲ್ಲಿರುವ ಎಥಿಲೀನ್ ಬಟಾಣಿ ಸಸಿಗಳನ್ನು ವಿಕಾರಗೊಳಿಸುತ್ತದೆಂದು ತೋರಿಸಿದ್ದನು. ಇಂಧನ ಪೂರ್ತಿಯಾಗಿ ಉರಿಯದಿದ್ದರೆ ಎಥಿಲೀನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತವೆ. ಮೊದಲನೆಯದು ಟೊಮೆಟೊ ಹೂವನ್ನು ಉದುರಿಸುತ್ತದೆ, ಎರಡನೆಯದು ಮನುಷ್ಯನ ಪ್ರಾಣವನ್ನೇ ತೆಗೆಯುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಊದುಕುಲುಮೆಗಳ ಹೊಗೆಯನ್ನು ಶುದ್ಧಿಮಾಡಿ ಗಾಜಿನಮನೆಗಳಿಗೆ ಹಾಯಿಸಿದ ಪ್ರಯೋಗಗಳು ನಡೆದರೂ ಪದ್ಧತಿ ನೆಲೆಗೊಳ್ಳಲಿಲ್ಲ.

ಅದು ನೆಲೆಗೊಂಡದ್ದು 1960ರ ದಶಕದಲ್ಲಿ. ನೆದರ್‌ಲೆಂಡ್ಸಿನ ಬೆಳೆಗಾರರು ಲೆಟಿಸ್ ಸೊಪ್ಪಿನ ಗಾಜಿನಮನೆಗಳಲ್ಲಿ ಸೀಮೆಎಣ್ಣೆ ಒಲೆಗಳನ್ನು ಉರಿಸತೊಡಗಿದರು. 1964ರಲ್ಲಿ ಅಮೆರಿಕದ ಮಿಶಿಗನ್ನಿನ ವಿಟ್ವರ್ ಮತ್ತು ರಾಬ್ ಆಹಾರ ಬೆಳೆಗಳ ಮೇಲಿನ ಪ್ರಯೋಗಗಳ ವರದಿಯನ್ನು ಪ್ರಕಟಿಸಿದರು. 1959ರಲ್ಲಿ ಗ್ರೋನಿಂಗನ್ ಪ್ರಾಂತದಲ್ಲಿ ದೊರೆತ ನೈಸರ್ಗಿಕ ಅನಿಲವು ಸೀಮೆಎಣ್ಣೆಗಿಂತ ಶುದ್ಧವಾದ ಇಂಧನವನ್ನು ಒದಗಿಸಿತು. ಉತ್ಪಾದಕ ಯಂತ್ರದ ರಚನೆ ಸರಳವಾದುದು: ಗಿಡಗಳ ಮೇಲೆ ತೂಗುಹಾಕಿದ, ಹೊಗೆಗೊಳವೆಯಿಲ್ಲದ ಒಂದು ಅನಿಲದ ಒಲೆ. ಒಂದು ಕಿಲೋ ಪ್ರೊಪೇನ್ ಪೂರ್ತಿಯಾಗಿ ಉರಿದರೆ ಸುಮಾರು 3 ಕಿಲೋ ಇಂಗಾಲದ ಡೈಆಕ್ಸೈಡೂ 1.6 ಕಿಲೋ ನೀರಾವಿಯೂ ಬರುತ್ತವೆ. ಮುಚ್ಚಿದ ಮನೆಯಲ್ಲಿ ಹಗಲು ಗಿಡಗಳು ಅನಿಲವನ್ನು ಹೀರಿ, ಅದರ ಪ್ರಮಾಣ ಹೊರಗಿನ ಗಾಳಿಗಿಂತ ಬಹಳ ಕೆಳಗೆ ಇಳಿಯುತ್ತದೆ. ಒಲೆಯು ಅದನ್ನು ದಶಲಕ್ಷಕ್ಕೆ 800ರಿಂದ 1000 ಭಾಗಗಳವರೆಗೆ ಏರಿಸುತ್ತದೆ. ಬೆಳಕಿಲ್ಲದಾಗ ಇದರಿಂದ ಪ್ರಯೋಜನವಿಲ್ಲವಾದ್ದರಿಂದ ರಾತ್ರಿ ಒಲೆಯನ್ನು ಆರಿಸುತ್ತಾರೆ.

ಇದರ ವೈಪರೀತ್ಯವನ್ನೂ ಗಮನಿಸಬೇಕು. ಪ್ಯಾರಿಸಿನವರಿಗೆ ಶಾಖವೇ ಉದ್ದೇಶ, ಅನಿಲ ಉಪಫಲ. ನೆದರ್‌ಲೆಂಡ್ಸಿನವರು ಬೇಸಗೆಯಲ್ಲಿ ಅನಿಲಕ್ಕಾಗಿಯೇ ಇಂಧನ ಸುಟ್ಟು ಶಾಖವನ್ನು ಬಿಸಾಡುವಂತಾಯಿತು. 2005ರಿಂದ ರಾಟರ್‌ಡ್ಯಾಮ್ ಬಳಿಯ ತೈಲ ಶುದ್ಧೀಕರಣಾಗಾರದ ಅನಿಲವನ್ನು ಹಳೆಯ ತೈಲಕೊಳವೆಯ ಮೂಲಕ ಗಾಜಿನಮನೆಗಳಿಗೆ ಹಾಯಿಸುವ ವ್ಯವಸ್ಥೆ ಬಂದುದು ಇದಕ್ಕೊಂದು ಪರಿಹಾರ. ಭೂಕಂಪನಗಳ ಕಾರಣದಿಂದ ಗ್ರೋನಿಂಗನ್ ಅನಿಲಕ್ಷೇತ್ರವನ್ನೇ 2024ರಲ್ಲಿ ಶಾಶ್ವತವಾಗಿ ಮುಚ್ಚಲಾಯಿತು.

ನಮ್ಮ ನಾಡಿನ ಬಿಸಿ ಹವೆಯಲ್ಲಿ ಪಾಲಿಹೌಸುಗಳ ಕಿಂಡಿಗಳನ್ನು ಹಗಲೆಲ್ಲ ತೆರೆದಿಡಬೇಕಾಗುವುದರಿಂದ ಈ ಪದ್ಧತಿಗೆ ಅವಕಾಶ ಕಡಿಮೆ. ಆದರೆ ಮುಚ್ಚಿದ ಜಾಗದಲ್ಲಿ ಈ ಅನಿಲ ತುಂಬಿಕೊಳ್ಳುವುದನ್ನು ಕನ್ನಡ ಜನಪದರು ಬೇರೊಂದು ನೆಲೆಯಲ್ಲಿ ಬಲ್ಲವರಾಗಿದ್ದರು. ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದ ಕಾಲದಲ್ಲಿ, ಅದರ ಬಾಯಿ ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ಹಗ್ಗದಲ್ಲಿ ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ಕಾಳಿನ ಉಸಿರಾಟದಿಂದ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಸೇರಿಕೊಳ್ಳುತ್ತದೆ. ಪ್ರೀಸ್ಟ್ಲಿಯ ಬತ್ತಿ ಮತ್ತು ಹಗೇವಿನ ದೀಪ ಕೇಳಿದ ಪ್ರಶ್ನೆ ಒಂದೇ.

ಹಾಗೆಂದು ಅನುಭವಜ್ಞಾನವನ್ನು ಸರ್ವಸಮರ್ಥವೆಂದು ಹೊಗಳುವುದು ಸಲ್ಲದು. ಇಂಗಾಲದ ಡೈಆಕ್ಸೈಡ್ ಅಪಾಯದ ಮಟ್ಟ ಮುಟ್ಟಿದ ಮೇಲೂ ದೀಪ ಉರಿಯುತ್ತಿರಬಹುದು. ಕಾರ್ಬನ್ ಮಾನಾಕ್ಸೈಡನ್ನಂತೂ ಅದು ತೋರಿಸುವುದೇ ಇಲ್ಲ. ಎಂಟು ಗಂಟೆಯ ದುಡಿಮೆಗೆ ದಶಲಕ್ಷಕ್ಕೆ 5000 ಭಾಗ ಎಂಬ ಮಿತಿಯನ್ನು ಕಾಯಲು ಮಾಪಕವೇ ಬೇಕು. ಅಂತೆಯೇ ಕ್ಯೂ ಉದ್ಯಾನದ ತೀರ್ಮಾನವನ್ನೇ ಕೊನೆಯ ಮಾತೆಂದು ನಂಬಿದ್ದರೆ ಗೊಬ್ಬರದ ಮಡಿಯ ಪಾಠ ಯಾರಿಗೂ ದಕ್ಕುತ್ತಿರಲಿಲ್ಲ. ರೂಢಿಯು ಫಲವನ್ನು ಕಾಪಾಡಿಕೊಂಡು ಬಂದಿತು, ಶಾಸ್ತ್ರವು ಕಾರಣವನ್ನು ಬಿಡಿಸಿ ಹೇಳಿತು. ಹಗೇವುಗಳು ಮರೆಯಾಗಿ ಅವನ್ನು ಬಳಸಿದವರ ತಲೆಮಾರೂ ಸರಿಯುತ್ತಿರುವ ಈ ಹೊತ್ತಿನಲ್ಲಿ, ಇಂತಹ ಆಚರಣೆಗಳನ್ನು ಅವುಗಳ ಕಾರಣಗಳೊಡನೆ ದಾಖಲಿಸಿಕೊಳ್ಳುವುದು ಜಾನಪದ ಸಂಶೋಧಕರ ತುರ್ತು ಕರ್ತವ್ಯವಾಗಿದೆ.